ಅಕ್ಕ ಹಾಕದ ಸಹಿ

ನನ್ನ ಗಂಡನ ಅಕ್ಕನನ್ನು ಬಡಾವಣೆಯವರು ಮೆಗ್ಗರಕ್ಕ ಎನ್ನುತ್ತಾರೆ. ಗೋಡೆಯೊಳಗಿನ ತಂತಿಗಳಿಂದ ಎಲ್ಲಾದರೂ ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಪೆಟ್ಟಿಗೆಗೆ ಮೆಗ್ಗರ್ ಎಂದು ಹೆಸರು. ನಾನು ನನ್ನ ಮಗಳು ಪುಟ್ಟಿಯನ್ನು ಎತ್ತಿಕೊಂಡಂತೆ ಅವಳು ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಮನೆ ಸುತ್ತುತ್ತಾಳೆ. ಹೊಸ ಮನೆಯ ವೈರಿಂಗ್ ಪರೀಕ್ಷಿಸಿ, ಸರಿಯಿದೆ ಎಂದು ಸಹಿ ಹಾಕುವ ಪರವಾನಗಿ ಅವಳಿಗಿದೆ. ಆ ಸಹಿ ಬೀಳದೆ ಯಾವ ಮನೆಗೂ ಕಾಯಂ ಕರೆಂಟು ಬರುವುದಿಲ್ಲ.

ವೈರಿಂಗ್ ಮಾಡುವವರು ಅವಳ ಗಂಡ, ಅಂದರೆ ನಮ್ಮ ಭಾವ. ಗಂಡ ಎಳೆದ ತಂತಿಗೆ ಹೆಂಡತಿಯೇ ಸಹಿ ಹಾಕಿದರೆ ಊರ ಬಾಯಿ ಸುಮ್ಮನಿದ್ದೀತೇ? ಅದಕ್ಕೇ ಅವರಿಬ್ಬರೂ ತಮಗೆ ತಾವೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಕೆಲಸದ ಜಾಗದಲ್ಲಿ ಅವರು ಗಂಡ ಹೆಂಡತಿಯಲ್ಲ. ಇವಳಿಗೆ ಅವರು 'ಮೇಸ್ತ್ರಿ', ಅವರಿಗೆ ಇವಳು 'ಮೇಡಂ'. ಪರೀಕ್ಷೆ ಮುಗಿಯುವತನಕ ಮೇಸ್ತ್ರಿ ಒಂದು ಸ್ವಿಚ್ಚನ್ನೂ ಮುಟ್ಟುವ ಹಾಗಿಲ್ಲ, ಕೈಕಟ್ಟಿ ಕೂರಬೇಕು. ಒಮ್ಮೆ ಯಾರದೋ ಮನೆಯಲ್ಲಿ ಭಾವ ಮರೆತು, ಸಂಜೆ ಯಾವ ತರಕಾರಿ ತರಲಿ ಎಂದು ಕೇಳಿಬಿಟ್ಟರಂತೆ. "ಅದನ್ನ ಮನೆಗೆ ಹೋಗಿ ನಿಮ್ಮ ಹೆಂಡ್ತೀನ ಕೇಳಿ, ಮೇಸ್ತ್ರಿ" ಎಂದಳಂತೆ ಅಕ್ಕ, ಮುಖದ ಒಂದು ಗೆರೆಯನ್ನೂ ಅಲುಗಿಸದೆ. ಈ ಕಥೆಯನ್ನು ಭಾವ ಎಲ್ಲರೆದುರೂ ಹೇಳಿ ನಗುತ್ತಿದ್ದರು. ಅಕ್ಕ ಮಾತ್ರ ನಗುತ್ತಿರಲಿಲ್ಲ.

ಅತ್ತೆಯ ಮನೆಯ ಮೇಲೆ ನಮಗಾಗಿ ಇನ್ನೊಂದು ಮಹಡಿ ಎದ್ದಾಗ ಅದರ ವೈರಿಂಗೂ ಭಾವನದೇ. ಪುಟ್ಟಿಯನ್ನು ಕಂಡರೆ ಭಾವನಿಗೆ ಪ್ರಾಣ. ಮಗು ಮೇಲೆ ಬರುವ ಹೊತ್ತಿಗೆ ಬಿಸಿನೀರು ಸಿದ್ಧವಿರಬೇಕೆಂದು, ಬಾಗಿಲುಗಳಿಗೆ ಬಣ್ಣ ಬಳಿಯುವ ಮೊದಲೇ ಗೀಸರ್ ಕೂರಿಸಿದರು. ಕಟ್ಟಡದ ಕೆಲಸಕ್ಕೆಂದು ಕೊಟ್ಟಿದ್ದ ತಾತ್ಕಾಲಿಕ ಕರೆಂಟಿನಲ್ಲೇ ಅದು ನಡೆಯಬೇಕಿತ್ತು. ಆದರೆ ಗೀಸರ್ ಹಾಕಿದಾಗಲೆಲ್ಲ, ಕರೆಂಟು ಸೋರಿದ ಕೂಡಲೇ ಮನೆಯನ್ನೆಲ್ಲ ಆರಿಸುವ ಇಎಲ್‌ಸಿಬಿ ಎಂಬ ಸ್ವಿಚ್ಚು 'ಟಪ್' ಎಂದು ಬೀಳುತ್ತಿತ್ತು. ಭಾವ ಬೆವರು ಒರೆಸಿಕೊಂಡು ಹುಡುಕಿದರು. ಮರುದಿನ ಬೆಳಿಗ್ಗೆ ಬೀಳುವುದು ನಿಂತಿತು. ಸರಿಹೋಯಿತೆಂದು ನಾವೆಲ್ಲ ಹಿಗ್ಗಿದೆವು.

ಅಂದೇ ಅಕ್ಕ ಪರೀಕ್ಷೆಗೆ ಬಂದಳು. ಅವಳದು ಇರುವೆ ಸಾಲಿನಂಥ ಕೆಲಸ, ಎಲ್ಲಿಯೂ ಒಂದು ಹೆಜ್ಜೆ ಹಾರುವುದಿಲ್ಲ. ಇವಳು ಮುಗಿಸುವಷ್ಟರಲ್ಲಿ ಸಂಜೆಯಾಗುತ್ತದೆ, ಅಷ್ಟರಲ್ಲಿ ಮಗುವಿಗೆ ಹೊಸ ಬಚ್ಚಲಲ್ಲೇ ಸ್ನಾನ ಮಾಡಿಸಿಬಿಡುತ್ತೇನೆ ಎಂದು ಅತ್ತೆ ಪುಟ್ಟಿಯನ್ನು ಎತ್ತಿಕೊಂಡು ಒಳಹೋಗಿ, ಗಾಳಿ ತಾಗದಿರಲೆಂದು ಚಿಲಕ ಹಾಕಿಕೊಂಡರು. ಭಾವ ಚಹಾ ಕುಡಿಯಲು ಕೆಳಗಿಳಿದರು. ಮೆಟ್ಟಿಲ ಬಳಿಯ ಬೋರ್ಡಿನ ಮುಚ್ಚಳ ತೆಗೆದು ಅಕ್ಕ ಒಳಗೆ ಇಣುಕಿದಳು. ಪಕ್ಕದಲ್ಲಿ ನಾನಿದ್ದೆ.

ಒಂದು ಹಸಿರು ತಂತಿ ಎಲ್ಲಿಗೂ ಸೇರದೆ, ತುದಿಗೆ ಟೇಪು ಸುತ್ತಿಸಿಕೊಂಡು ಮಡಿಚಿ ಕೂತಿತ್ತು. ಹಸಿರೆಂದರೆ ಅರ್ಥಿಂಗ್, ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ತಂತಿ. ಅಕ್ಕನ ಹುಬ್ಬು ಗಂಟಾಯಿತು. ಇಎಲ್‌ಸಿಬಿಯ ಪರೀಕ್ಷೆಯ ಗುಂಡಿ ಒತ್ತಿದಳು. 'ಟಪ್' ಎಂದಿತು. ಫ್ಯಾನುಗಳು ನಿಧಾನವಾದವು, ದೀಪಗಳೆಲ್ಲ ಆರಿದವು.

ಬಚ್ಚಲಿನ ಬಾಗಿಲ ಸಂದಿಯಲ್ಲಿ ಮಾತ್ರ ಬೆಳಕು ಹಾಗೇ ಇತ್ತು.

ನನಗೆ ಏನೂ ತಿಳಿಯಲಿಲ್ಲ. ಅಕ್ಕ ಬೋರ್ಡಿನೊಳಗಿನ ತಂತಿಯ ಜಾಡು ಹಿಡಿದು ಎರಡೇ ಮಾತಿನಲ್ಲಿ ಹೇಳಿದಳು. ಬಚ್ಚಲಿನ ತಂತಿಯನ್ನು ಭಾವ ಇಎಲ್‌ಸಿಬಿಯಿಂದ ತಪ್ಪಿಸಿ, ಕೆಳಗಿನ ಮೇನ್ ಸ್ವಿಚ್ಚಿನಿಂದ ಬರುವ ತಂತಿಗೆ ನೇರವಾಗಿ ಜೋಡಿಸಿದ್ದರು. ಗೀಸರ್ ಸೋರುತ್ತಿದೆ, ಅದರ ಅರ್ಥಿಂಗ್ ಬಿಚ್ಚಿದೆ, ಕಾವಲಿಗಿರುವ ಇಎಲ್‌ಸಿಬಿಗೂ ಅದರ ಸುದ್ದಿಯಿಲ್ಲ. ಒಳಗೆ ನೀರಿನ ಸದ್ದು. ನಾನು ಬಾಗಿಲ ಕಡೆ ಓಡಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ರಟ್ಟೆ ಹಿಡಿದಳು.

"ಕರೀಬೇಡ. ನೀರಿನ ಸದ್ದಿಗೆ ಅಮ್ಮನಿಗೆ ಕೇಳಿಸಲ್ಲ. ಏನಂದೆ ಅಂತ ಕೇಳೋಕೆ ನಲ್ಲಿ ನಿಲ್ಲಿಸ್ತಾಳೆ. ಅದು ಲೋಹದ ನಲ್ಲಿ ಕಣೇ, ಮುಟ್ಟಿದ್ರೆ ಶಾಕ್ ಹೊಡೆಯುತ್ತೆ."

ಗೀಸರಿನ ಸ್ವಿಚ್ಚೂ ಒಳಗಿತ್ತು. ಮೇಲಿಂದ ಕತ್ತರಿಸಲು ಏನೂ ಇರಲಿಲ್ಲ. ಅಕ್ಕ ಮೆಟ್ಟಿಲ ಕಟಕಟೆಗೆ ಬಾಗಿ, ಮೇಸ್ತ್ರೀ, ಮೇನ್ ತೆಗೀರಿ ಎಂದು ಕೂಗಿದಳು.

ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೆ. ಬಕೆಟ್ಟಿನ ತಳಕ್ಕೆ ಬೀಳುವ ನೀರಿನ ಸದ್ದು ಬೇರೆ, ತುಂಬುತ್ತ ಬಂದ ನೀರಿನ ಸದ್ದು ಬೇರೆ. ಎಷ್ಟು ಬಕೆಟ್ಟು ತುಂಬುವುದನ್ನು ಕೇಳಿದ ಕಿವಿ ಇದು. ಸದ್ದು ಮೇಲೇರುತ್ತಿತ್ತು. ನಲ್ಲಿ ತೆರೆಯುವಾಗ ಕೈಯೂ ನೆಲವೂ ಒಣಗಿದ್ದಿರಬೇಕು; ತುಂಬಿದ ಮರುಕ್ಷಣ ಅತ್ತೆಯ ಒದ್ದೆ ಕೈ ನಲ್ಲಿಗೆ ಹೋಗುತ್ತದೆ. ತೊಡೆಯ ಮೇಲೆ ನನ್ನ ಮಗು. ಒಳಗಿಂದ ಪುಟ್ಟಿಯ 'ಅಗೂ ಅಗೂ', ಅದಕ್ಕೆ ಅತ್ತೆಯ ಉತ್ತರ: ಆಯ್ತು ನನ್ನವ್ವಾ, ಇನ್ನೊಂದು ಚೂರು ತುಂಬಲಿ.

ಕೆಳಗಿಂದ ಭಾವನ ನಗು ಬಂತು. "ಪರೀಕ್ಷೆ ನಡೀವಾಗ ಮೇಸ್ತ್ರಿ ಕೈ ಹಾಕೋ ಹಾಗಿಲ್ಲ, ಮೇಡಂ. ಚಹಾ ಆರುತ್ತೆ, ತಾವೇ ಇಳಿದು ಬನ್ನಿ."

"ರೀ!" ಎಂದಳು ಅಕ್ಕ.

ಆ ಒಂದೇ ಮಾತು. ಕೆಲಸದ ಜಾಗದಲ್ಲಿ ಅವಳು ಹಾಗೆ ಕರೆದದ್ದನ್ನು ನಾನೆಂದೂ ಕೇಳಿರಲಿಲ್ಲ. ಕೆಳಗೆ ಲೋಟ ಉರುಳಿತು, ಕುರ್ಚಿ ಬಿತ್ತು, ಹೆಜ್ಜೆಗಳು ಓಡಿದವು. ಬಾಗಿಲ ಸಂದಿಯ ಬೆಳಕು ಆರಿತು.

"ಅಯ್ಯೋ, ಕರೆಂಟ್ ಹೋಯ್ತಲ್ಲೇ" ಎಂದು ಒಳಗಿಂದ ಅತ್ತೆ ಗೊಣಗಿ ನಲ್ಲಿ ತಿರುಗಿಸಿದರು. ನೀರು ನಿಂತಿತು. ಅತ್ತೆ ಕತ್ತಲಲ್ಲೇ ಸ್ನಾನ ಮುಗಿಸಿ ಪುಟ್ಟಿಯನ್ನು ಹೊರತಂದಾಗ ಕಸಿದುಕೊಂಡಂತೆ ತೆಗೆದುಕೊಂಡೆ. ಮಗುವಿನ ಬೆರಳುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದೆ.

ಬಚ್ಚಲು ಖಾಲಿಯಾದ ಮೇಲೆ ಅಕ್ಕ ಒಂದು ಗಳಿಗೆ ಮೇನ್ ಹಾಕಿಸಿ, ನಲ್ಲಿಗೆ ಟೆಸ್ಟರ್ ತಾಗಿಸಿದಳು. ಟೆಸ್ಟರಿನ ದೀಪ ಹೊತ್ತಿತು. ಭಾವ ನೋಡಿದರು. ತಾವೇ ಕೆಳಗೋಡಿ ಮೇನ್ ತೆಗೆದು ಬಂದರು.

ಆಮೇಲೆ ಅವರು ಹೇಳಿದ್ದಿಷ್ಟು: ಸೋರಿಕೆ ಎಲ್ಲಿದೆ ಎಂದು ಹುಡುಕಲು ಅರ್ಥಿಂಗ್ ಬಿಚ್ಚಿದ್ದರು, ಮತ್ತೆ ಸೇರಿಸಲು ಮರೆತರು. ಇಎಲ್‌ಸಿಬಿ ತಪ್ಪಿಸಿದ್ದು ಒಂದು ದಿನದ ಮಟ್ಟಿಗೆ. ಹೇಗೂ ಅವಳು ನೋಡುತ್ತಾಳಲ್ಲ, ಏನಾದರೂ ಇದ್ದರೆ ಹಿಡಿಯುತ್ತಾಳೆ ಎಂದುಕೊಂಡರಂತೆ. ಬೇರೆ ಯಾರಾದರೂ ಪರೀಕ್ಷೆಗೆ ಬರುವವರಿದ್ದರೆ ಹೀಗೆ ಬಿಡುತ್ತಲೇ ಇರಲಿಲ್ಲ ಎಂದರು.

ಆ ಕೊನೆಯ ಮಾತಿಗೆ ಅಕ್ಕ ತಲೆಯೆತ್ತಿ ಅವರನ್ನು ನೋಡಿದಳು.

ಸಂಜೆಯೊಳಗೆ ಭಾವ ಗೀಸರ್ ಇಳಿಸಿ ಕರೆಂಟು ಸೋರುತ್ತಿದ್ದ ಕಾಯಿಲ್ ಬದಲಿಸಿದರು, ಹಸಿರು ತಂತಿಯನ್ನು ಬಿಗಿದರು, ಬಚ್ಚಲನ್ನು ಇಎಲ್‌ಸಿಬಿಯ ಕಾವಲಿಗೆ ತಂದರು. ಮೆಗ್ಗರ್ ಎಲ್ಲ ಕಡೆಯೂ ಸರಿ ಎಂದಿತು. ಸಹಿಯ ಕಾಗದವನ್ನು ಅಕ್ಕನ ಮುಂದಿಟ್ಟು ಭಾವ ಕೈಕಟ್ಟಿ ನಿಂತರು. ಅವಳು ಅದನ್ನು ಮೆಲ್ಲಗೆ ಅವರತ್ತಲೇ ಸರಿಸಿದಳು.

"ಇದಕ್ಕೆ ಮಾತ್ರ ಅಲ್ಲ, ಇನ್ನು ನಿಮ್ಮ ಯಾವ ಕೆಲಸಕ್ಕೂ ನಾನು ಸಹಿ ಹಾಕಲ್ಲ. ನಾನಿದ್ದೀನಿ ಅನ್ನೋ ಧೈರ್ಯಕ್ಕೇ ನಿಮ್ಮ ಕೈ ಸಡಿಲ ಆಗಿದೆ."

ಅತ್ತೆಗೆ ಕೋಪ ನೆತ್ತಿಗೇರಿತು. ಏನೂ ಆಗಿಲ್ಲವಲ್ಲ, ಸೊಸೆಯೆದುರು ಅಳಿಯನ ಮಾನ ಕಳೆಯುತ್ತೀಯಲ್ಲ ಎಂದರು. ಅಕ್ಕ ಪುಟ್ಟಿಯ ತಲೆ ಸವರಿದಳು. ಬಾಗಿಲಾಚೆ ನಿಂತು ನಾನು ಏನು ಕೇಳಿಸಿಕೊಂಡೆ ಎಂಬುದನ್ನು ಅತ್ತೆಗೆ ಆಮೇಲೆ ನಾನೇ ಹೇಳಿದೆ. ಅವರು ತಮ್ಮ ಅಂಗೈಗಳನ್ನು ನೋಡುತ್ತ ಕೂತುಬಿಟ್ಟರು. ಅಕ್ಕನ ಸುದ್ದಿಗೆ ಮತ್ತೆ ಹೋಗಲಿಲ್ಲ.

ಕೆಲವು ದಿನ ಪುಟ್ಟಿಗೆ ಕೆಳಗಡೆ ಒಲೆಯ ಮೇಲೆ ಕಾಸಿದ ನೀರಿನದೇ ಸ್ನಾನ. ಆಮೇಲೆ, ಅಕ್ಕನಂತೆಯೇ ಸಹಿಯ ಪರವಾನಗಿಯಿದ್ದ, ಭಾವನ ಮುಖಪರಿಚಯವೂ ಇಲ್ಲದ ಸೂಪರ್‌ವೈಸರೊಬ್ಬರು ಪರೀಕ್ಷೆಗೆ ಬಂದರು. ಅಕ್ಕನೂ ಬಂದಿದ್ದಳು. ಮೇಲೆ ಮಾತ್ರ ಹತ್ತಲಿಲ್ಲ. ತನ್ನಂಥ ಸಹೋದ್ಯೋಗಿಯ ಮುಖ ಕಂಡರೆ ಕೆಲವರ ಕೈ ತಾನೇ ಸಹಿ ಹಾಕುತ್ತದೆ ಎಂದು, ಕೆಳಗಿನ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ ನಿಂತಳು. ತಲೆಯ ಮೇಲೆ ಹೆಜ್ಜೆ ಸದ್ದು ಸರಿದ ಕಡೆಗೆಲ್ಲ ಅವಳ ಕಣ್ಣೂ ಸರಿಯುತ್ತಿತ್ತು.

ಭಾವ ಇಳಿದುಬಂದು ಬಾಗಿಲಲ್ಲಿ ನಿಂತರು. ಅಂಗಿಯೆಲ್ಲ ಬೆವರು.

ಪಾಸಾಯಿತು, ಆದರೆ ಒಂದು ಸ್ಕ್ರೂ ಇನ್ನೊಂದು ಸುತ್ತು ಬಿಗಿ ಮಾಡಿಸಿದರು ಎಂದರು.

"ಯಾವುದು?" ಎಂದು ಅಕ್ಕ ಒಲೆಗೆ ಬೆನ್ನು ಮಾಡಿದಳು. ಭಾವ ಗಾಳಿಯಲ್ಲೇ ಬೋರ್ಡು ಬರೆದು ತೋರಿಸತೊಡಗಿದರು, ಅಕ್ಕ 'ಅಲ್ಲ, ಅದರ ಪಕ್ಕದ್ದಿರಬೇಕು' ಎಂದು ಬೆರಳಿಟ್ಟಳು. ಹಾಲು ಉಕ್ಕುವುದು ಇಬ್ಬರಿಗೂ ಕಾಣಲಿಲ್ಲ. ಪುಟ್ಟಿಯನ್ನು ಒಂದು ಕೈಯಲ್ಲಿ ಎತ್ತಿಕೊಂಡೇ ಹೋಗಿ ಒಲೆ ಆರಿಸಿದೆ.