ಬಲಗಡೆಯ ದಾರ

ದೆವ್ವ, ಗಾಳಿ, ಸೋಕು ಎಂಬ ಮಾತು ಬಂದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಹೆದರಿ ಅಲ್ಲ, ನಂಬಿಕೆ ಇರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಿಮ್ಮ ಮುತ್ಯಾ ಯಾಕೆ ಕುಂಟುತ್ತಿದ್ದರು ಎಂದು ಮೊಮ್ಮಕ್ಕಳಾದ ನೀವು ಕೇಳಿದಾಗಲೆಲ್ಲ ‘ಬಿದ್ದಿದ್ದರು’ ಎಂದಷ್ಟೇ ಹೇಳಿದ್ದೇನೆ. ಉಳಿದದ್ದು ಬಾಯಿಂದ ಹೇಳಲು ನನಗೆ ಆಗುವುದಿಲ್ಲ. ಬರೆದರೆ ಆದೀತು.

ಮದುವೆಯಾಗಿ ಮೂರನೆಯ ವರ್ಷ. ನಿಮ್ಮ ಮುತ್ಯಾ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿದ್ದರು. ನಾರಾಯಣಖೇಡದ ದಾರಿಯಲ್ಲಿ, ಹೊಲಗಳ ನಡುವೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಹಾಕಿದ ಸಿಮೆಂಟಿನ ಪಟ್ಟಿಯೊಂದಿತ್ತು. ಅಲ್ಲಿ ವಿಮಾನ ಇಳಿದದ್ದನ್ನು ನಾವಂತೂ ಕಂಡಿಲ್ಲ. ಸುತ್ತಲಿನವರು ಅದರ ಮೇಲೆ ತೊಗರಿ ರಾಶಿ ಮಾಡುತ್ತಿದ್ದರು. ರಾಶಿ ಮುಗಿದ ಮೇಲೆ, ಅಂಗಡಿಗೆ ರಜೆಯಿರುವ ಶುಕ್ರವಾರಗಳಂದು ಬೆಳಿಗ್ಗೆ, ನಿಮ್ಮ ಮುತ್ಯಾ ಮತ್ತು ಅವರ ಗೆಳೆಯ ಮಹಬೂಬ್ ಅಲ್ಲಿ ಫಟಫಟಿ, ಅಂದರೆ ಮೋಟಾರ್ ಸೈಕಲ್, ಪಂದ್ಯ ಕಟ್ಟಿ ಓಡಿಸುತ್ತಿದ್ದರು. ಮಹಬೂಬ್ ತಾಂಡೂರಿನವನು, ನೆಲಕ್ಕೆ ಹಾಸುವ ಕಲ್ಲಿನ ಲಾರಿ ಓಡಿಸುವವನು. ತನ್ನ ಫಟಫಟಿಯನ್ನು ಲಾರಿಯಲ್ಲೇ ಹಾಕಿಕೊಂಡು ಬರುತ್ತಿದ್ದ.

ಮಡ್‌ಗಾರ್ಡ್, ದೀಪ, ಹಿಂದಿನ ಸೀಟು ಎಲ್ಲ ಬಿಚ್ಚಿ ಗಾಡಿ ಹಗುರ ಮಾಡುತ್ತಿದ್ದರು. ತಿರುವಿಲ್ಲ, ಸುತ್ತಿಲ್ಲ, ನಾನೂರು ಹೆಜ್ಜೆ ನೇರ ಓಟ. ಯಾರು ಗೆದ್ದರೆಂದು ಪ್ರತಿ ಸಲ ಜಗಳವಾಗಿ, ಕಡೆಗೆ ನಿಮ್ಮ ಮುತ್ಯಾ ಒಂದು ಉಪಾಯ ಮಾಡಿದರು. ಓಟ ಮುಗಿಯುವಲ್ಲಿ ಪಟ್ಟಿಯ ನಡುವೆ ಒಂದು ಕಂಬ. ಅದರಿಂದ ಎರಡೂ ಅಂಚಿನ ಕಲ್ಲುಗಳಿಗೆ, ಗಾಲಿಯ ಎತ್ತರಕ್ಕೆ, ಎರಡು ಹತ್ತಿ ದಾರ. ಓಡಿಸುವವರ ಎಡಕ್ಕಿರುವುದು ಇವರದು, ಬಲಕ್ಕಿರುವುದು ಮಹಬೂಬನದು. ಯಾವುದು ಮೊದಲು ಹರಿಯಿತೆಂದು ನೋಡುವ ಕೆಲಸ ನನ್ನದು. ಅಂಚಿನಲ್ಲಿ ಕೂತು, ಗೆದ್ದವರ ಕಡೆ ಕೈ ತೋರಿಸಿದರೆ ಸಾಕು, ಮಾತಾಡಬೇಕಾಗಿರಲಿಲ್ಲ. ಅದಕ್ಕೇ ಒಪ್ಪಿದ್ದೆ.

“ವೈನಿ, ಗಂಡ ಅಂತ ಸೈತ ನೋಡಂಗಿಲ್ಲ, ದೋಸ್ತ. ಇಂಥಾ ಜಡ್ಜ್ ಹೈದ್ರಾಬಾದಿನಾಗೂ ಸಿಗಂಗಿಲ್ಲ,” ಎಂದು ಮಹಬೂಬ್ ನಗುತ್ತಿದ್ದ. ನನ್ನನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತಿದ್ದ.

ಅವರು ಬಿದ್ದ ಆ ಶುಕ್ರವಾರ ಕಂಬವನ್ನು ಮರೆತು ಬಂದಿದ್ದರು. ಪಟ್ಟಿಯ ಬಿರುಕೊಂದರಲ್ಲಿ ಮುದುಕಿ ಸಂಗವ್ವನ ಕಣದ ಮೇಟಿ ನಿಂತಿತ್ತು. ರಾಶಿ ತುಳಿಯುವಾಗ ಎತ್ತುಗಳು ಸುತ್ತುವ ಕಂಬ ಅದು. ರಾಶಿ ಮನೆ ಸೇರಿದ ಮೇಲೆ ಅದಕ್ಕೆ ಪೂಜೆ ಮಾಡಿ, ಕಣದವರೇ ಕೀಳಬೇಕು. ಇವರಿಬ್ಬರೂ ಅದನ್ನು ಅಲುಗಾಡಿಸಿ ಕಿತ್ತರು. ಉಳಿದ ಕಾಳು ಗುಡಿಸುತ್ತಿದ್ದ ಸಂಗವ್ವ ಕಸಬರಿಗೆ ಹಿಡಿದೇ ಬಂದಳು.

“ಅದರ ಪೂಜಿ ಆಗಿಲ್ಲೋ.”

“ಒಂದ್ ತಾಸಿನ ಮಾತದ, ಅವ್ವಾ. ನಿನ್ನ ಮೇಟಿ ನಾವೇನ್ ತಾಂಡೂರಿಗಿ ಒಯ್ತೀವೇನು?” ಎಂದ ಮಹಬೂಬ್.

“ಒಯ್ದರನೇ ಬೇಸಿತ್ತು. ಪೂಜಿ ಇಲ್ದ ಇಲ್ಲೇ ಮತ್ತ ನೆಡೂದು ಛಲೋ ಅಲ್ಲ,” ಎಂದಳು ಸಂಗವ್ವ.

ಮೇಟಿಯನ್ನು ಓಟದ ಕೊನೆಗೆ ನೆಟ್ಟು ನಾನೇ ದಾರ ಕಟ್ಟಿದೆ. ಬಿಸಿಲು ಏರಿತ್ತು, ಗಾಳಿ ಇರಲಿಲ್ಲ. ಹೊರಡುವ ಹೊತ್ತಿಗೆ ಮಹಬೂಬನ ಗಾಡಿಯ ಕ್ಲಚ್ ವೈರು ಕಿತ್ತುಹೋಯಿತು. ಅವನು ಗಾಡಿಯನ್ನು ನೆಲಕ್ಕೆ ಮಲಗಿಸಿ, ನಿಮ್ಮ ಮುತ್ಯಾನಿಗೆ ಒಬ್ಬರೇ ಓಡಿಸಿ ನೋಡಲು ಹೇಳಿ ಟವೆಲ್ ಬೀಸಿದ. ಗಾಡಿ ಮಲಗಿಸಿದ್ದು, ಟವೆಲ್ ಬೀಸಿದ್ದು ನನಗೆ ಕೂತಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

ಮೊದಲು ಒಂದೇ ಸದ್ದು ಬಂತು. ಅರ್ಧ ದಾರಿಯಲ್ಲಿ ಅದು ಎರಡಾಯಿತು. ನಾನು ಮಹಬೂಬನ ಕಡೆ ನೋಡಿದೆ. ಅವನು ಹೊರಟ ಜಾಗದಲ್ಲೇ ಟವೆಲ್ ಹಿಡಿದು ನಿಂತಿದ್ದ. ಬಲಗಡೆಯ ದಾರ ನನ್ನ ಕಣ್ಣ ಮುಂದೆಯೇ ಬಿಗಿಯಿತು, ಯಾವುದೋ ಗಾಲಿ ನೂಕಿದಂತೆ ಬಾಗಿತು, ಹರಿಯಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಿನ ಮೇಲೆ ನಿಮ್ಮ ಮುತ್ಯಾ ಎಡಗಡೆಯ ದಾರ ಹರಿದುಕೊಂಡು ಹೋದರು. ನನ್ನ ಕೈ, ರೂಢಿಯಂತೆ, ಬಲಗಡೆಯ ದಾರದತ್ತ ಎದ್ದಿತ್ತು.

ಅವರು ತಿರುಗಿ ಬಂದು ಕೇಳಿದ ಮೊದಲ ಮಾತು, “ಅಂವ ಯಾವಾಗ ನನ್ನ ದಾಟಿದ?”

“ಯಾರ್ರಿ?”

“ಮಹಬೂಬ. ವೈರ್ ಕಟ್ಟಿಕೊಂಡು ಬೆನ್ನ ಹಿಂದ ಬಂದಿದ್ನಲ್ಲ.”

ನಾನು ದೂರಕ್ಕೆ ಬೆರಳು ಮಾಡಿದೆ. ಮಹಬೂಬ್ ಟವೆಲ್ ಹೆಗಲಿಗೆ ಹಾಕಿಕೊಂಡು ನಡೆದು ಬರುತ್ತಿದ್ದ. ನಿಮ್ಮ ಮುತ್ಯಾ ಹರಿದ ಬಲಗಡೆಯ ದಾರವನ್ನು ಎತ್ತಿ ನೋಡಿದರು. ಗೆಳೆಯ ಹತ್ತಿರ ಬರುತ್ತಲೇ ನಕ್ಕು, ದಾರ ಸಡಿಲವಿತ್ತು, ಮತ್ತೊಮ್ಮೆ ಓಡಿಸುತ್ತೇನೆ ಎಂದರು.

ಪರ ಗಂಡಸಿನ ಎದುರು ನಾನು ಅಲ್ಲಿಯವರೆಗೆ ಬಾಯಿ ತೆರೆದವಳಲ್ಲ. “ಬ್ಯಾಡ್ರಿ. ಮನೀಗಿ ನಡೀರಿ,” ಎಂದೆ. ದಾರ ಕಟ್ಟಲು ಒಲ್ಲೆ ಎಂದೆ. ಹ್ಯಾಂಡಲ್ ಹಿಡಿದು ನಿಂತೆ.

“ವೈನಿ ಮಾತ್ ಕೇಳು, ದೋಸ್ತ,” ಎಂದ ಮಹಬೂಬ್. ಅವನು ನಗುತ್ತಿರಲಿಲ್ಲ.

“ನಾಳಿಗಿ ನೀನೇ ತಾಂಡೂರ ತುಂಬ ಹೇಳ್ತಿ, ಹೆದರಿ ಓಡಿಹೋದ ಅಂತ. ಈ ಸಲ ಬಲಕ್ಕ ನಾನೇ ಇರ್ತೀನಿ.” ನಿಮ್ಮ ಮುತ್ಯಾ ನನ್ನ ಬೆರಳುಗಳನ್ನು ಹ್ಯಾಂಡಲಿನಿಂದ ಒಂದೊಂದಾಗಿ ಬಿಡಿಸಿ ಹೋದರು.

ಈ ಸಲವೂ ಎರಡು ಸದ್ದು. ಎರಡನೆಯದು ಎಡದಿಂದ ಬರುತ್ತಿತ್ತು. ಹತ್ತಿರ ಹತ್ತಿರ ಬಂದಂತೆ ಎರಡೂ ಕೂಡಿ ಒಂದೇ ಆದವು. ಆಗ ನಿಮ್ಮ ಮುತ್ಯಾ, ಎದುರು ಏನೂ ಇಲ್ಲದ ಕಡೆ, ಪೂರಾ ಬ್ರೇಕ್ ಹಿಡಿದರು. ಗಾಡಿ ಅವರನ್ನು ಸಿಮೆಂಟಿನ ಮೇಲೆ ಎಳೆದುಕೊಂಡು ಬಂತು. ನಾನು ಓಡಿ ಮುಟ್ಟುವಾಗ ಕಾಲಿನ ಎಲುಬು ಹೊರಗೆ ಕಾಣುತ್ತಿತ್ತು. ಮಹಬೂಬನ ಲಾರಿಯಲ್ಲಿ ಮಲಗಿಸಿ ಜಹೀರಾಬಾದಿನ ದವಾಖಾನೆಗೆ ತಂದೆವು.

ಮೇಟಿ ಕಿತ್ತದ್ದಕ್ಕೆ ಹೀಗಾಯಿತೆಂದು ಸಂಗವ್ವ ಊರಲ್ಲೆಲ್ಲ ಹೇಳಿದಳು. ಸಿಮೆಂಟಿನ ಮೇಲೆ ಸದ್ದು ಮಾರ್ದನಿಗೊಡುತ್ತದೆ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಆದರೆ ಮಾರ್ದನಿ ದಾರ ಹರಿಯುವುದಿಲ್ಲ.

ಯಾಕೆ ಬ್ರೇಕ್ ಹಿಡಿದಿರಿ ಎಂದು ಎಷ್ಟೋ ವರ್ಷ ಕೇಳಲಿಲ್ಲ. ಅವರು ಹಾಸಿಗೆ ಹಿಡಿದ ವರ್ಷ, ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಕೇಳಿಬಿಟ್ಟೆ. ಚಮಚವನ್ನು ಕೈಯಿಂದ ಸರಿಸಿದರು.

“ಮೊದಲನೇ ಸಲ ಅದು ದಾಟಿ ಹೋತು. ಎರಡನೇ ಸಲ ದಾಟಲಿಲ್ಲ. ನನ್ನ ಸರಿಸಮ ಬಂದು ನಿಧಾನ ಮಾಡ್ತು. ನಾ ಆ ಕಡಿ ತಿರುಗಿ ನೋಡ್ಲಿ ಅಂತ ಕಾಯಾಕ ಹತ್ತಿತ್ತು.”

“ನೋಡಿದಿರೇನ್ರಿ?”

“ನೋಡಿದ್ದರ ಇಷ್ಟು ವರ್ಷ ನಿನ್ನ ಜೋಡಿ ಇರತಿದ್ದಿಲ್ಲ,” ಎಂದು ಗಂಜಿಗೆ ಬಾಯಿ ತೆರೆದರು.

ಅದು ಏನು, ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಯಾವುದಾದರೂ ಗಾಡಿ ಸರಿಸಮ ಬಂದು ನಿಧಾನ ಮಾಡಿದರೆ, ನಾನು ಆ ಕಡೆ ತಿರುಗುವುದಿಲ್ಲ.