ವೈಂಡಿಂಗ್ ಅಕ್ಕನ ಒಂದೇ ದರ

ಗಿರಣಿಯ ಮೋಟರು ಸುಟ್ಟುಹೋದ ದಿನವೇ ಗಿರಣಿಯಮ್ಮ ವೈಂಡಿಂಗ್ ಅಕ್ಕನನ್ನು ಮೊದಲ ಸಲ ಕಂಡದ್ದು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು; ಊರವರ ಗೋಧಿ ಬೀಸಿಕೊಟ್ಟರೇ ಒಲೆ ಉರಿಯಬೇಕು. ಮೋಟರನ್ನು ಕೈಗಾಡಿಗೆ ಹಾಕಿಸಿಕೊಂಡು ವೈಂಡಿಂಗ್ ಅಂಗಡಿಗೆ ಹೋದರೆ, ಅಲ್ಲಿ ತಾಮ್ರದ ತಂತಿ ಸುತ್ತುತ್ತ ಕೂತಿದ್ದವಳು ಹೆಂಗಸು. ನಲವತ್ತರ ಆಸುಪಾಸು, ಬೆರಳಿಗೆಲ್ಲ ವಾರ್ನಿಷ್. ಮೋಟರಿನ ಬಾಯಿಗೆ ಮೂಗಿಟ್ಟು ಮೂಸಿದಳು.

"ಪೂರ್ತಿ ಸುಟ್ಟಿದೆ ಅಮ್ಮ. ಹೊಸದಾಗಿ ಸುತ್ತಬೇಕು. ಮೂರು ದಿನ ಆಗುತ್ತೆ" ಎಂದು ದರ ಹೇಳಿದಳು.

"ಬಿಲ್ಲು ಗಿಲ್ಲು ಏನೂ ಬೇಡ ಕಣಮ್ಮ. ದುಡ್ಡು ಕೈಗೇ ಇಡ್ತೀನಿ. ಒಂದಿಷ್ಟು ಬಿಟ್ಟು ಹೇಳು."

"ಬಿಲ್ಲಿಲ್ದೆ ನಾನು ಮೋಟರು ಮುಟ್ಟಲ್ಲ. ನಂದು ಒಂದೇ ದರ."

"ಎದುರುಗಡೆ ವೈಂಡಿಂಗ್ ಅಂಗಡಿಯವನು ಬಿಡ್ತಾನಂತೆ."

"ಬಿಡ್ತಾನೆ. ಅವನು ಬಿಡೋದು ಸರ್ಕಾರಕ್ಕೆ ಕಟ್ಟಬೇಕಾದ ದುಡ್ಡು, ಅವನ ಗಂಟೇನು ಹೋಗುತ್ತೆ? ಮೇಲಿಂದ ನಿಮ್ಮ ಹಳೇ ತಾಮ್ರನೂ ಅವನೇ ಇಟ್ಕೋತಾನೆ."

ಹೆಂಗಸಿಗೆ ಎಷ್ಟು ಜಂಬ ಎಂದು ಗಿರಣಿಯಮ್ಮ ಒಳಗೊಳಗೇ ಮೂಗು ಮುರಿದಳು. ಆದರೆ ಮೂರನೆಯ ದಿನ ಮೋಟರಿನ ಜೊತೆಗೆ ಬಟ್ಟೆಯ ಚೀಲವೊಂದು ಕೈಗೆ ಬಂತು. ಒಳಗೆ ಸುಟ್ಟ ತಂತಿ, ಕಡ್ಡಿಯಷ್ಟೂ ಬಿಡದೆ. ಗುಜರಿಗೆ ಹಾಕಿದರೆ ಎದುರಿನವನು ಬಿಡುತ್ತಿದ್ದುದಕ್ಕಿಂತ ಹೆಚ್ಚೇ ಸಿಕ್ಕಿತು. ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದುವವಳು ಗಿರಣಿಯಮ್ಮ ಎಂದು ಅವಳಿಗೆ ಹೇಗೆ ತಿಳಿಯಿತೋ, ಬಿಲ್ಲನ್ನು ದುಂಡಗೆ, ದಪ್ಪಗೆ ಬರೆದಿದ್ದಳು. ಕೊನೆಯ ಸಾಲು ಹೀಗಿತ್ತು: ವರ್ಷದೊಳಗೆ ಸುಟ್ಟರೆ ಪುಕ್ಕಟೆಯಾಗಿ ಸುತ್ತಿಕೊಡಲಾಗುವುದು.

ಮಾರನೆಯ ವರ್ಷ ವೈಂಡಿಂಗ್ ಅಕ್ಕ ಗಿರಣಿಯ ಮುಂದಿನ ಕೋಣೆಗೇ ಬಾಡಿಗೆಗೆ ಬಂದಳು. ಒಳಗೆ ಹಿಟ್ಟಿನ ಗಿರಣಿಯ ಸದ್ದು, ಹೊರಗೆ ತಂತಿಯ ಸುತ್ತು. ಬೀದಿಯವರು ಅವಳಿಗೆ ರಸೀದಿ ರಾಣಿ ಎಂದು ಹೆಸರಿಟ್ಟಿದ್ದರು.

"ನಿನ್ನ ಫೋಟೋನ ತೆರಿಗೆ ಆಫೀಸಿನ ಗೋಡೆಗೆ ಹಾಕ್ತಾರೆ ಬಿಡಕ್ಕ" ಎಂದು ಹಳೆಯ ಅಂಗಡಿಯ ಎದುರಿನವನು ಒಮ್ಮೆ ಬಂದು ಕಿಚಾಯಿಸಿದ.

"ಹಾಕ್ಲಿ. ಮೊಳೆ ನೀನೇ ತಂದ್ಕೊಡು. ಬಿಲ್ ಸಮೇತ."

ಗಿರಣಿಯಮ್ಮ ಒಂದು ದಿನ ಕೇಳಿಯೇಬಿಟ್ಟಳು: "ಎಲ್ಲರೂ ಎರಡೆರಡು ದರ ಇಟ್ಕೊಂಡು ಚೆನ್ನಾಗೇ ಇದಾರಲ್ಲ, ನಿನಗ್ಯಾಕಮ್ಮ ಈ ಹಟ?"

"ಬಿಲ್ ಕೊಟ್ರೆ ನನ್ನ ಕೆಲಸಕ್ಕೆ ನಾನೇ ಜವಾಬ್ದಾರಿ. ಕೊಡದಿದ್ರೆ, ಸುಟ್ಟ ಮೇಲೆ ನೀವ್ಯಾರೋ ನಾನ್ಯಾರೋ."

ಆರು ವರ್ಷ ಹಾಗೂ ಹೀಗೂ ನಡೆಯಿತು. ಆಮೇಲೆ ಗಿರಾಕಿಗಳು ಕರಗುತ್ತ ಬಂದರು. ದೊಡ್ಡ ಕೆಲಸವೊಂದು ಸಿಗದಿದ್ದರೆ ಬೇಸಿಗೆಯ ಹೊತ್ತಿಗೆ ಬಾಗಿಲು ಹಾಕಬೇಕು ಎಂದು ವೈಂಡಿಂಗ್ ಅಕ್ಕ ಒಂದೇ ಒಂದು ಸಲ ಬಾಯಿಬಿಟ್ಟಿದ್ದಳು. ಅದು ಗಿರಣಿಯಮ್ಮನ ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು. ಬಾಡಿಗೆಯ ಚಿಂತೆಯೂ ಇತ್ತು, ಸುಳ್ಳೇಕೆ. ಅದಕ್ಕಿಂತ ಹೆಚ್ಚಾಗಿ, ಅವಳಿಲ್ಲದ ಮುಂದಿನ ಕೋಣೆಯನ್ನು ನೆನೆಯಲೂ ಆಗುತ್ತಿರಲಿಲ್ಲ.

ಹೀಗಿರುವಾಗ, ಅವಳು ತಂತಿ ತರಲು ಹೋಗಿದ್ದ ಹೊತ್ತಿಗೆ ಊರಿನ ಹಾಸ್ಟೆಲೊಂದರ ಮ್ಯಾನೇಜರ್ ಬಂದ. ಹನ್ನೊಂದು ಪಂಪು ಸುಟ್ಟಿವೆ, ನಗದು ಕೊಡುತ್ತೇನೆ, ಬಿಲ್ಲು ಬೇಡ, ದರದಲ್ಲಿ ಐದರಲ್ಲೊಂದು ಪಾಲು ಬಿಡಬೇಕು ಎಂದ. ಗಿರಣಿಯಮ್ಮ ಹಿಂದೆಮುಂದೆ ನೋಡಲಿಲ್ಲ. ಅವಳ ಪರವಾಗಿ ತಾನೇ ಹೂಂ ಎಂದು ಮುಂಗಡವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ವೈಂಡಿಂಗ್ ಅಕ್ಕ ಬಂದು ಎಲ್ಲ ಕೇಳಿ, ತಂತಿಯ ಸುರುಳಿಯನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ಕೂತಳು.

"ಹನ್ನೊಂದಾ?"

"ಹನ್ನೊಂದು. ಇದೊಂದು ಸಲ ಕಣ್ಣು ಮುಚ್ಕೊ ತಾಯಿ. ಅಂಗಡಿ ಉಳಿಯುತ್ತೆ."

ಅವಳು ಸುರುಳಿಯಿಂದ ತಂತಿಯ ತುದಿ ಬಿಡಿಸತೊಡಗಿದಳು. ಒಪ್ಪಿಯೇಬಿಟ್ಟಳು ಎಂದೇ ಗಿರಣಿಯಮ್ಮ ಎಣಿಸಿದಳು.

"ಉಳಿಯುತ್ತೆ ಅಮ್ಮ. ಆದ್ರೆ ಗಂಡ ಹೋಗಿ, ಗಿರಣಿ ನಿಂತು ನೀವು ಬಂದಾಗ್ಲೇ ನಾನು ಬಿಲ್ಲಿಲ್ದೆ ದರ ಬಿಡಲಿಲ್ಲ. ಹಾಸ್ಟೆಲ್ ನಡೆಸೋನಿಗೆ ಹಾಗೆ ಬಿಟ್ರೆ ನಿಮ್ಮ ಮುಖ ಹೇಗೆ ನೋಡ್ಲಿ?"

ಮರುದಿನ ಇಬ್ಬರೂ ಹಾಸ್ಟೆಲಿಗೆ ಹೋದರು. ಹನ್ನೊಂದೂ ಒಟ್ಟಿಗೇ ಕೊಡುವುದಾದರೆ ತನ್ನ ಕೂಲಿಯಲ್ಲಿ ಹತ್ತರಲ್ಲಿ ಒಂದು ಪಾಲು ಬಿಡುತ್ತೇನೆ, ಬಿಟ್ಟದ್ದನ್ನೂ ಬಿಲ್ಲಿನಲ್ಲೇ ಬರೆಯುತ್ತೇನೆ ಎಂದಳು ವೈಂಡಿಂಗ್ ಅಕ್ಕ.

"ಬಿಲ್ಲು ಬಂದ್ರೆ ತೆರಿಗೆನೂ ಬರುತ್ತಲ್ಲ ಮೇಡಂ. ನೀವು ಬಿಟ್ಟಿದ್ದು ಅದಕ್ಕೇ ಸರಿಹೋಯ್ತು" ಎಂದು ಮ್ಯಾನೇಜರ್ ಮುಂಗಡಕ್ಕೆ ಕೈ ಚಾಚಿದ. ಹನ್ನೊಂದೂ ಪಂಪು ಆ ಎದುರಿನವನ ಅಂಗಡಿಗೆ ಹೋದವು.

ದಾರಿಯುದ್ದಕ್ಕೂ ಗಿರಣಿಯಮ್ಮ ತಲೆ ಎತ್ತಲಿಲ್ಲ. ವೈಂಡಿಂಗ್ ಅಕ್ಕನೇ ಅವಳ ತೋಳು ಹಿಡಿದುಕೊಂಡಳು. "ನನ್ನ ಅಂಗಡಿ ಉಳೀಲಿ ಅಂತ ತಾನೇ ನೀವು ಮಾಡಿದ್ದು? ಅಷ್ಟು ಆಸೆಪಡೋರು ನನಗೆ ಇನ್ಯಾರಿದಾರೆ. ಆದ್ರೆ ನನ್ನ ಬದಲು ಹೂಂ ಅನ್ನೋ ಕೆಲಸ ಮಾತ್ರ ಬಿಟ್ಬಿಡಿ" ಎಂದು ನಕ್ಕಳು. ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ, ಚುಚ್ಚಲೂ ಇಲ್ಲ.

ಬೇಸಿಗೆಗೆ ಅಂಗಡಿ ಮುಚ್ಚಿತು. ಬೇರೆ ಊರಿನ ಪಂಪಿನ ಕಾರ್ಖಾನೆಯಲ್ಲಿ ಅವಳಿಗೆ ಸಂಬಳದ ಕೆಲಸ ಸಿಕ್ಕಿತ್ತು. ಸಾಮಾನೆಲ್ಲ ಗಾಡಿಗೆ ಏರಿದ ಮೇಲೆ ಬಿಲ್ಲಿನ ನಕಲುಗಳ ಸಣ್ಣ ಕಟ್ಟೊಂದನ್ನು ತಂದು ಗಿರಣಿಯಮ್ಮನ ಕೈಯಲ್ಲಿಟ್ಟಳು.

"ಇದರಲ್ಲಿ ಹದಿನಾಲ್ಕು ಮೋಟರಿಗೆ ಪುಕ್ಕಟೆ ಸುತ್ತಿಕೊಡೋ ವರ್ಷ ಇನ್ನೂ ತುಂಬಿಲ್ಲ ಅಮ್ಮ. ಅವು ಸುಟ್ರೆ ರಜದ ದಿನ ಬಂದು ಸುತ್ತಿಕೊಟ್ಟು ಹೋಗ್ತೀನಿ. ಯಾರಾದ್ರೂ ಬಿಲ್ಲು ಹಿಡ್ಕೊಂಡು ಬಂದ್ರೆ, ಅಂಗಡಿ ಮುಚ್ಚಿದೆ ಅಂತ ವಾಪಸ್ ಕಳಿಸದೆ, ಮೋಟರು ಒಳಗಿಡಿಸ್ಕೊಂಡು ನನಗೊಂದು ಫೋನ್ ಮಾಡ್ತೀರಾ?"