ಕೂಳೂರಿನ ಳಕಾರ

ಬೆಳಗಿನ ಚಹಾವನ್ನು ಲೋಟಕ್ಕೆ ಸುರಿದು ಮೊದಲ ಗುಟುಕು ಕುಡಿಯುವ ಹೊತ್ತಿಗೆ, ಕಾಟಿಪಳ್ಳದ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಂದು ದನಿ ಒಳಗೆ ಬರುತ್ತಿತ್ತು: “ಸುರತ್ಕಲ್, ಬೈಕಂಪಾಡಿ, ಕೂಳೂರ್, ಕೊಟ್ಟಾರ, ಲಾಲ್‌ಬಾಗ್, ಹಂಪನಕಟ್ಟೇ!” ಬಸ್ಸು ಇನ್ನೂ ತಿರುವಿನಾಚೆ ಇರುವಾಗಲೇ ಅದರ ದನಿ ಮುಂದಾಗಿ ಬಂದು ನಮ್ಮನ್ನೆಲ್ಲ ಮನೆಯಿಂದ ಹೊರಡಿಸುತ್ತಿತ್ತು. ನಾನು ಲೋಟ ತೊಳೆದಿಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು ರಸ್ತೆಗೆ ಇಳಿದರೆ ಬಸ್ಸು ನನಗಾಗಿಯೇ ಬಂದಂತೆ ಎದುರಿಗೆ ನಿಲ್ಲುತ್ತಿತ್ತು. ಕೈಗಡಿಯಾರ ಕಟ್ಟುವ ಅಭ್ಯಾಸ ನನಗೆ ತಪ್ಪಿಹೋದದ್ದು ಹೀಗೆ.

ಆ ದನಿ ಕಂಡಕ್ಟರ್ ವಸಂತನದು. ಅತ್ತಾವರದ ಶಾಲೆಯೊಂದರಲ್ಲಿ ನಾನು ಕನ್ನಡ ಟೀಚರು. ಮನೆಮಾತು ಕೊಂಕಣಿಯಾದರೂ ಅನ್ನ ಕೊಟ್ಟದ್ದು ಕನ್ನಡದ ಅಕ್ಷರಗಳು. ಅಕ್ಷರಗಳ ಬಗ್ಗೆ ನನಗಿರುವ ಮೋಹಕ್ಕೆ ವಸಂತನ ಕೂಗು ದಿನದಿನದ ಉಪಚಾರವಾಗಿತ್ತು. ಮನೆಯಲ್ಲಿ ತುಳು ಮಾತಾಡುವ ಅವನ ಬಾಯಲ್ಲಿ ‘ಕೂಳೂರಿ’ನ ಳಕಾರ ಎಷ್ಟು ದುಂಡಗೆ, ಎಷ್ಟು ತುಂಬಿಕೊಂಡು ಬರುತ್ತಿತ್ತೆಂದರೆ, ನನ್ನ ಒಂಬತ್ತನೇ ತರಗತಿಯ ಮಕ್ಕಳು ಹಾಗೆ ಓದಿದ್ದರೆ ಒಂದೆರಡು ಅಂಕ ಹೆಚ್ಚೇ ಕೊಡುತ್ತಿದ್ದೆ. ಸ್ಟಾಫ್‌ರೂಮಿನಲ್ಲಿ ನಾನು ಅವನನ್ನು ‘ಕಂಠಕ್ಟರ್’ ಎಂದು ಕರೆದು ನಗಿಸುತ್ತಿದ್ದೆ.

ಆ ಕಂಠಕ್ಕೆ ಒಂದು ಸಹವಾಸವಿತ್ತು. ಬಸ್ಸು ನಿಂತಲ್ಲೆಲ್ಲ ಅವನು ಗುಟ್ಕಾ ಪೊಟ್ಟಣವೊಂದನ್ನು ಹಲ್ಲಿನಿಂದ ಹರಿದು ಎಡಗೆನ್ನೆಯೊಳಗೆ ಸುರಿದುಕೊಳ್ಳುತ್ತಿದ್ದ; ಆಮೇಲಿನ ಕೂಗನ್ನು ರಸ ಚೆಲ್ಲದಂತೆ ಮುಖ ಮೇಲೆತ್ತಿ ಕೂಗುತ್ತಿದ್ದ. “ಡ್ಯೂಟಿ ಉದ್ದ ಟೀಚರ್. ಇದೊಂದು ಬಾಯಲ್ಲಿ ಇದ್ರೆ ನಿದ್ರೆ ಬರುವುದಿಲ್ಲ, ಹಸಿವೂ ಗೊತ್ತಾಗುವುದಿಲ್ಲ” ಎಂದು ಒಮ್ಮೆ ನನಗೆ ವಿವರಿಸಿದ್ದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಸುಕಿನಿಂದ ಕತ್ತಲೆಯವರೆಗೆ ಬಾಗಿಲಿನ ಕಂಬಿ ಹಿಡಿದು ನಿಲ್ಲುವವನಿಗೆ ಹಸಿವನ್ನು ಮರೆಸುವ ಪುಡಿ ಬೇಕೆನಿಸಿದ್ದು ಸಹಜವೇ. ಆ ಪುಡಿ ಹಸಿವನ್ನು ಮರೆಸಿ ಸುಮ್ಮನಾಗುವುದಿಲ್ಲ, ಉಣ್ಣುವ ಬಾಯನ್ನೇ ಕೇಳುತ್ತದೆ ಎಂಬುದು ತಿಳಿಯುವಾಗ ತಡವಾಗಿರುತ್ತದೆ.

ಇಡೀ ಗೋಳಿಬಜೆಯನ್ನು ಒಂದೇ ಸಲಕ್ಕೆ ಬಾಯಿಗೆ ಎಸೆದುಕೊಳ್ಳುತ್ತಿದ್ದವನು ಅದನ್ನು ಚೂರು ಚೂರು ಮಾಡಿ, ಚಟ್ನಿ ಮುಟ್ಟದೆ ತಿನ್ನುವುದನ್ನು ನಾನು ಕಂಡೆ. ಕೂಗು ಸಣ್ಣದಾಯಿತು. ಕೇಳಿದರೆ, “ಬಾಯಿ ಅಗಲ ತೆರೆಯಲಿಕ್ಕೆ ಆಗುವುದಿಲ್ಲ ಟೀಚರ್. ಒಳಗೆ ಒಂದು ಹುಣ್ಣು ಉಂಟು. ರಜೆ ಸಿಕ್ಕಿದಾಗ ತೋರಿಸ್ತೇನೆ” ಎಂದ. ಸಿಟಿ ಬಸ್ಸಿನವರಿಗೆ ರಜೆ ಎಲ್ಲಿ ಸಿಗುತ್ತದೆ?

ರಜೆ ಕೊಡಿಸಿದವಳು ಅವನ ಹೆಂಡತಿ ಜಯಂತಿ. ಒಂದು ಬೆಳಿಗ್ಗೆ ಕಾಟಿಪಳ್ಳದ ಸ್ಟಾಪಿನಲ್ಲಿ ಅವಳೂ ನಮ್ಮೊಡನೆ ಬಸ್ಸು ಹತ್ತಿದಳು. ಹಂಪನಕಟ್ಟೆಯಲ್ಲಿ ಎಲ್ಲರೂ ಇಳಿದ ಮೇಲೆ ಗಂಡನ ಹೆಗಲಿನಿಂದ ಚರ್ಮದ ಚೀಲವನ್ನು ತೆಗೆದು ಡ್ರೈವರ್ ಹರೀಶನ ಕೈಗೆ ಕೊಟ್ಟಳು.

“ಇವತ್ತು ಇವರು ಡ್ಯೂಟಿಗೆ ಇಲ್ಲ. ಯಾರಿಗೆ ಹೇಳಬೇಕೋ ನೀವೇ ಹೇಳಿ.”

“ಎಂತ ಮಾರಾಯ್ತಿ ಇದು, ರಸ್ತೆಯಲ್ಲಿ!” ಎಂದು ವಸಂತ ಗೊಣಗಿದ.

“ಮನೆಯಲ್ಲಿ ಹೇಳಿದ್ರೆ ನೀವು ಕೇಳಿದ್ದೀರಾ?” ಎಂದವಳೇ ಅವನ ಮೊಣಕೈ ಹಿಡಿದು ಅತ್ತಾವರದ ಆಸ್ಪತ್ರೆಯ ದಾರಿ ಹಿಡಿದಳು. ನನ್ನ ಶಾಲೆಯ ದಾರಿಯೂ ಅದೇ. ಅವಳ ಹಿಂದೆ ನಡೆಯುತ್ತ, ಆ ಬೆನ್ನು ಎಷ್ಟು ನೆಟ್ಟಗಿದೆ ಎಂದು ನೋಡಿದ್ದು ನನಗಿನ್ನೂ ನೆನಪಿದೆ.

ಕ್ಯಾನ್ಸರೇ ಆಗಿತ್ತು. ಎಡದವಡೆಯ ಒಂದು ಭಾಗವನ್ನೂ ನಾಲಿಗೆಯ ಅಂಚನ್ನೂ ತೆಗೆದು, ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಶಾಲೆ ಬಿಟ್ಟ ಮೇಲೆ ನೋಡಲು ಹೋದಾಗ ಅವನು ಮೂಗಿನ ನಳಿಗೆಯಲ್ಲಿ ಗಂಜಿ ಕುಡಿಯುತ್ತಿದ್ದ. ಕಣ್ಣು ಮಾತ್ರ ಗುರುತಿನದಾಗಿತ್ತು. ಜಯಂತಿ ನನ್ನನ್ನು ಹೊರಗೆ ಬೆಂಚಿಗೆ ಕರೆದೊಯ್ದಳು. ಅವಳು ಹೇಳಿದ ಮಾತನ್ನು ನಿಮಗೆ ಹೇಳಬೇಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದರೂ ತಪ್ಪಲ್ಲ.

“ಟೀಚರ್, ನಾನು ಮದುವೆಗೆ ಮೊದಲಿನಿಂದ ಬೀಡಿ ಕಟ್ಟುವವಳು. ಈ ವಾರ್ಡಿನಲ್ಲಿ ಎಷ್ಟು ಜನ ಮಲಗಿದ್ದಾರೆ ನೋಡಿ. ನಾನು ಕಟ್ಟಿದ ಬೀಡಿ ಎಳೆದವರು ಇವರಲ್ಲಿ ಯಾರಾದ್ರೂ ಇರಬಹುದಾ?”

ಈ ಊರಲ್ಲಿ ಬೀಡಿ ಹೊರಗಿನ ವಸ್ತುವಲ್ಲ, ಗೆಳೆಯರೇ. ಮಧ್ಯಾಹ್ನ ನಮ್ಮ ಓಣಿಯಲ್ಲಿ ನಡೆದರೆ ಜಗಲಿ ಜಗಲಿಗಳಲ್ಲಿ ಮಡಿಲಿಗೆ ಮೊರ ಇಟ್ಟುಕೊಂಡ ಹೆಂಗಸರು. ಗಾಳಿಯಲ್ಲಿ ಹೊಗೆಸೊಪ್ಪಿನ ಘಾಟು, ನಡುವೆ ನಡುವೆ ಒಣಕೆಮ್ಮು. ಎಷ್ಟೋ ಹೆಣ್ಣುಮಕ್ಕಳ ಮೂಗುತಿ, ಎಷ್ಟೋ ಮಕ್ಕಳ ಕಾಲೇಜು ಆ ಮೊರದಿಂದಲೇ ಎದ್ದು ಬಂದಿವೆ. ಒಂದು ಮನೆಯ ಒಲೆ ಉರಿಸುವ ಎಲೆ ಇನ್ನೊಂದು ಮನೆಯ ಎದೆ ಸುಡುತ್ತದೆ; ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಿರುವುದರಿಂದ ವ್ಯಾಪಾರ ನಡೆದಿದೆ. ಜಯಂತಿಗೆ ಆ ಮುಖ ಆಸ್ಪತ್ರೆಯ ಹಾಸಿಗೆಯಲ್ಲಿ, ಅದೇ ಹೊಗೆಸೊಪ್ಪಿನ ಗುಟ್ಕಾ ತಿಂದ ತನ್ನ ಗಂಡನದೇ ಆಗಿ, ಕಂಡುಬಿಟ್ಟಿತ್ತು.

ಮನೆಗೆ ಬಂದವಳು ಮತ್ತೆ ಮೊರ ಮುಟ್ಟಲಿಲ್ಲ. ಗಂಡನಿಗೆ ಕೆಲಸವಿಲ್ಲದ ಹೊತ್ತಿನಲ್ಲಿ ಕೈಯಲ್ಲಿದ್ದ ಕಸುಬನ್ನು ಬಿಡುವುದು ಹುಚ್ಚೆಂದು ನೆಂಟರು ಬೈದರು. ಗಲ್ಫಿನಲ್ಲಿದ್ದ ಅವಳ ತಮ್ಮ ಸ್ವಲ್ಪ ಕಾಲ ಕೈಹಿಡಿದ. ಅಷ್ಟರಲ್ಲಿ ಅವಳು ಸುರತ್ಕಲ್ಲಿನ ಹೂವಿನಂಗಡಿಗೆ ಮಲ್ಲಿಗೆ ಕಟ್ಟಿಕೊಡುವ ಕೆಲಸ ಹಿಡಿದಳು. ಎಲೆಗೆ ನೂಲು ಸುತ್ತುತ್ತಿದ್ದ ಬೆರಳುಗಳು ಬಾಳೆನಾರಿಗೆ ಹೊಂದಿಕೊಂಡವು. ಬೀಡಿಯಷ್ಟು ಗಿಟ್ಟುವುದಿಲ್ಲ ಎಂದು ಅವಳೇ ಹೇಳುತ್ತಾಳೆ. ನೆರೆಯವರು ಈಗಲೂ ಬೀಡಿ ಕಟ್ಟುತ್ತಾರೆ. ಅವರನ್ನು ದೂರುವ ಒಂದು ಮಾತೂ ಅವಳಿಂದ ನಾನು ಕೇಳಿಲ್ಲ. “ಅವರಿಗೂ ಮನೆ ಉಂಟಲ್ಲ ಟೀಚರ್” ಎನ್ನುತ್ತಾಳೆ.

ವಸಂತ ಈಗ ಮಾತು ಕಲಿಯಬೇಕಿತ್ತು. ಆಸ್ಪತ್ರೆಯ ಮಾತಿನ ಚಿಕಿತ್ಸೆಯ ಹುಡುಗಿ ಅಮ್ಮ, ಆನೆ, ಎಲೆ ಎಂದು ಹೇಳಿಸುತ್ತಿದ್ದಳಂತೆ. ಇವನು ಸ್ವಲ್ಪ ದಿನ ಹೇಳಿ, “ಇದೆಲ್ಲ ನನಗೆ ಎಲ್ಲಿ ಬೇಕಾಗ್ತದೆ? ನನಗೆ ಸ್ಟಾಪ್ ಹೇಳಲಿಕ್ಕೆ ಬಂದ್ರೆ ಸಾಕು” ಎಂದು ಬರೆದು ತೋರಿಸಿದನಂತೆ. ಆ ಹುಡುಗಿಯೂ ಜಾಣೆ. ಆವತ್ತಿನಿಂದ ಅವನ ರೂಟನ್ನೇ ಪಾಠ ಮಾಡಿದಳು. ಭಾನುವಾರದ ಪೂಜೆ ಮುಗಿಸಿ ಚರ್ಚಿನಿಂದ, ನಮ್ಮ ಮಾತಿನ ಇಗರ್ಜಿಯಿಂದ, ಬರುವಾಗ ನಾನು ಅವರ ಅಂಗಳಕ್ಕೆ ಇಳಿಯುತ್ತಿದ್ದೆ. ತುಳಸಿಕಟ್ಟೆಯ ಬಳಿ ಕುರ್ಚಿ ಹಾಕಿಕೊಂಡು ಅವನು ಇಲ್ಲದ ಬಸ್ಸಿಗೆ ಇಲ್ಲದ ಜನರನ್ನು ಕರೆಯುತ್ತಿದ್ದ. ತುಟಿ ಸೇರಿಸಿ ಹೇಳುವ ಅಕ್ಷರಗಳಿದ್ದುದರಿಂದ ಬೈಕಂಪಾಡಿ ಮೊದಲು ಬಂತು. ಹಂಪನಕಟ್ಟೆಯಲ್ಲಿ ‘ಹಂಪ’ ಬಂದು ‘ಕಟ್ಟೆ’ ಬಹಳ ದಿನ ಹಿಂದೆ ಉಳಿಯಿತು. ಎಲ್ಲಕ್ಕಿಂತ ಕಷ್ಟದ್ದು ಕೂಳೂರು.

“ಈ ಅಕ್ಷರ ಹೇಗೆ ಟೀಚರ್?” ಎಂದು ಸನ್ನೆಯಲ್ಲಿ ಕೇಳಿದ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು ಎಂದು ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಟ್ಟವಳು ನಾನು. ಅವನ ನಾಲಿಗೆ ಮಡಚುವ ಸ್ಥಿತಿಯಲ್ಲಿರಲಿಲ್ಲ. ಅವನೇ ದಾರಿ ಹುಡುಕಿದ. ಉಳಿದ ನಾಲಿಗೆಯನ್ನು ಬಲಕ್ಕೆ ಒತ್ತಿ, ಲಕಾರವೂ ಅಲ್ಲದ ಳಕಾರವೂ ಅಲ್ಲದ, ನಮ್ಮ ವರ್ಣಮಾಲೆಯಲ್ಲಿ ಮನೆಯಿಲ್ಲದ ಒಂದು ಅಕ್ಷರವನ್ನು ತನಗಾಗಿ ಮಾಡಿಕೊಂಡ. ಅದನ್ನು ಕೇಳಿದ ದಿನ ಜಯಂತಿ ಹೂ ಕಟ್ಟುವುದನ್ನು ನಿಲ್ಲಿಸಿ ಒಳಗೆ ಹೋದಳು. ಹೊರಗೆ ಬರುವಾಗ ಮುಖ ತೊಳೆದಿದ್ದಳು.

ಬಸ್ಸಿನ ಧಣಿ ಕೆಟ್ಟವರಲ್ಲ. “ಗ್ಯಾರೇಜಿನಲ್ಲಿ ಕೂತು ಮಾಡುವ ಕೆಲಸ ಕೊಡ್ತೇನೆ” ಎಂದರು. ವಸಂತ ಒಪ್ಪಲಿಲ್ಲ. “ನಾನು ಡೋರಿನಲ್ಲಿ ನಿಲ್ತೇನೆ. ಒಂದು ವಾರ ನೋಡಿ” ಎಂದ. ಆ ವಾರದ ಲೆಕ್ಕವನ್ನು ಆಮೇಲೆ ಯಾರೂ ಕೇಳಲಿಲ್ಲ. ಕರವಸ್ತ್ರದಿಂದ ಮುಖ ಮುಚ್ಚಿಕೊಳ್ಳದೆ ಅವನು ಬಾಗಿಲಿಗೆ ಬಂದು ನಿಂತ. ಕೆಲವರು ಕಣ್ಣು ತಪ್ಪಿಸಿದರು, ಕೆಲವರು ನೆಟ್ಟ ನೋಟದಿಂದ ನೋಡಿದರು. ಅವನು ಎಲ್ಲರಿಗೂ ಟಿಕೆಟು ಕೊಟ್ಟ. ಉಪದೇಶದ ಗೋಜಿಗೆ ಹೋಗಲಿಲ್ಲ. ಮಧ್ಯಾಹ್ನ ಡ್ರೈವರ್ ಸೀಟಿನ ಹಿಂದೆ ಕುಳಿತು, ಜಯಂತಿ ಮುಳ್ಳು ತೆಗೆದು ಹಿಸುಕಿ ಕಟ್ಟಿಕೊಟ್ಟ ಮೀನು ಗಂಜಿಯನ್ನು ಚಮಚದಲ್ಲಿ ನಿಧಾನವಾಗಿ ಉಣ್ಣುತ್ತಿದ್ದ. ಪಕ್ಕದಲ್ಲಿ ಕುಳಿತು ಅದನ್ನು ದಿನಾ ನೋಡಿದ ಹರೀಶ, ಯಾರೂ ಹೇಳದೆಯೇ, ತನ್ನ ಜೇಬಿನ ಗುಟ್ಕಾ ಪೊಟ್ಟಣಗಳನ್ನು ಬಿಟ್ಟ.

ಮೊನ್ನೆ ಸಂಜೆ ಹಂಪನಕಟ್ಟೆಯಲ್ಲಿ, ಊರಿಗೆ ಹೊಸಬರಂತೆ ಕಂಡ ಒಬ್ಬರು ಹೆಂಗಸು ಬಾಗಿಲಿನ ಬಳಿ ನಿಂತು “ಈ ಬಸ್ಸು ಎಲ್ಲೆಲ್ಲಿ ಹೋಗ್ತದೆ?” ಎಂದು ಕೇಳಿದರು. ವಸಂತ ಹೇಳಿದ. ಅವರಿಗೆ ತಿಳಿಯಲಿಲ್ಲ. “ಎಂತ?” ಮತ್ತೆ ಹೇಳಿದ. ಅವರು ಗಾಬರಿಯಿಂದ ನಮ್ಮ ಕಡೆ ನೋಡಿದರು. ಮುಂದಿನ ಸೀಟಿನಲ್ಲಿದ್ದ ನಾನು ಅವನ ಪರವಾಗಿ ಹೇಳಲು ಬಾಯಿ ತೆರೆದೆ. ಕನ್ನಡಿಯಲ್ಲಿ ಹರೀಶ ನನ್ನನ್ನೇ ನೋಡಿ, ಬೇಡ ಎಂಬಂತೆ ತಲೆಯಾಡಿಸಿದ. ಹಿಂದಿನ ಬಸ್ಸು ಹಾರ್ನ್ ಹಾಕುತ್ತಿತ್ತು. ವಸಂತ ಬಾಯಂಚನ್ನು ಒರೆಸಿಕೊಂಡು, ಆತುರಪಡದೆ, ಒಂದೊಂದೇ ಊರನ್ನು ಅವರ ಮುಂದೆ ಇಟ್ಟ. ಲಾಲ್‌ಬಾಗ್. ಕೊಟ್ಟಾರ. ಆಮೇಲೆ ಒಂದು ಕ್ಷಣ ನಿಂತು, ನಾಲಿಗೆ ಬಲಕ್ಕೆ ಒತ್ತಿ, ತನ್ನದೇ ಅಕ್ಷರದಲ್ಲಿ ಮೂರನೆಯದನ್ನು ಹೇಳಿದ.

“ಓ, ಕೂಳೂರು! ನನಗೆ ಅಲ್ಲಿಗೇ ಹೋಗುವುದು!” ಎಂದು ಅವರು ನಕ್ಕು ಹತ್ತಿದರು.

ವಸಂತ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು, ತುಳುವಿನಲ್ಲಿ ‘ಹೊರಡೋಣ’ ಎಂದು ಹರೀಶನಿಗೆ ಕೂಗಿದ: “ರೈಟ್, ಪೋಯಿ!”